ನಡಾ ನೋವಿಗೆ ಮದುವಿ ಔಷಧ ಅಲ್ಲ

ನಮ್ಮ ಕಡೆ ಹುಡುಗಿ ತಿಂಗಳಿಗೊಮ್ಮೆ ನಡಾ ಹಿಡಕೊಂಡು ಮಲಗಿದ್ಲು ಅಂದ್ರ ಹಿರೇರ ಬಾಯಾಗ ಒಂದ ಮಾತು: "ಮದುವ್ಯಾಗಿ ಒಂದು ಕೂಸಾದ್ರ ಎಲ್ಲಾ ಸರಿ ಹೋಗ್ತದ." ವೈನಿ, ಅಕ್ಕಾ, ಸಿಟ್ಟಾಗಬ್ಯಾಡ್ರಿ, ಈ ಮಾತು ಇನ್ನ ಸಾಕು ಅಂತೀನಿ ನಾ. ಹದಿನಾರರ ಹುಡುಗಿಗೆ ಹತ್ತು ವರ್ಷ ತಡಕೋ ಅಂದಂಗಾತು. ಹಲ್ಲು ನೋವಿಗೆ ಯಾರರ ಹಿಂಗ ಅಂತೀವೇನು?

ಹೊಟ್ಟಿ ಒಳಗಿನ ನೋವು ನಡಕ್ಕ ಯಾಕ ಬರ್ತದ ಅಂದ್ರ, ಮುಟ್ಟಿನ ಹೊತ್ತಿಗೆ ಗರ್ಭಚೀಲದ ಒಳಪದರದಾಗ ಪ್ರೋಸ್ಟಾಗ್ಲಾಂಡಿನ್ ಅನ್ನೋದು ತಯಾರಾಗ್ತದ. ಅದು ಚೀಲಾನ ಹಿಂಡಸ್ತದ. ಹೆಚ್ಚಾತಂದ್ರ ಕಿಬ್ಬೊಟ್ಟಿ, ನಡಾ, ತೊಡಿ ತನಕಾ ನೋವು ಇಳೀತದ, ಕೆಲವರಿಗೆ ವಾಂತಿ, ಭೇದಿನೂ ಆಗ್ತದ. ಎರಡು ಮೂರು ದಿನದಾಗ ಕಡಿಮಿ ಆಗೋ ನೋವು ಬಹಳಷ್ಟು ಸಲ ಇದ. ಬಿಸಿನೀರಿನ ಚೀಲ ಇಟಗೊಂಡ್ರ ಹಾಯಂತದ. ಮೆಫೆನಾಮಿಕ್ ಆಸಿಡ್ ಅಂಥಾ ಗುಳಿಗಿ ಆ ಪ್ರೋಸ್ಟಾಗ್ಲಾಂಡಿನ್ನ ಕಡಿಮಿ ಮಾಡ್ತದ. ಅದಕ್ಕ ಡಾಕ್ಟರ್ನ ಕೇಳಿ, ನೋವು ಶುರು ಆದ ಕೂಡ್ಲೆ, ಏನರ ತಿಂದು ತೊಗೋಬೇಕು. ದಿನಾ ಪೂರ್ತಿ ಹಲ್ಲು ಕಚ್ಚಿ ಸಂಜಿಗೆ ನುಂಗಿದ್ರ ಅಷ್ಟು ಹತ್ತಂಗಿಲ್ಲ. ಹೊಟ್ಟಿ ಹುಣ್ಣು, ದಮ್ಮು ಇದ್ದವರಂತೂ ಕೇಳದ ತೊಗೋಬಾರದು.

ಆದ್ರ ಎಲ್ಲಾ ನೋವೂ ಇದ ಅಲ್ಲ. ವರ್ಷದಿಂದ ವರ್ಷಕ್ಕ ಹೆಚ್ಚಾಗೋದು, ಗುಳಿಗಿಗೂ ಬಗ್ಗದೇ ಇರೋದು, ಸಂಡಾಸಕ್ಕ ಕೂತ್ರ ಚುಚ್ಚೋದು, ಮುಟ್ಟು ಮುಗದ ಮ್ಯಾಲೂ ನಡಾ ನೋಯೋದು — ಇದು ಎಂಡೊಮೆಟ್ರಿಯೋಸಿಸ್ ಇರಬಹುದು. ಗರ್ಭಚೀಲದ ಒಳಪದರದಂಥಾದ್ದ ಹೊರಗ, ಅಂಡಾಶಯದ ಮ್ಯಾಲೆ, ಬೆಳೀತದ. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ಹೆರೋ ವಯಸ್ಸಿನ ನೂರು ಹೆಣಮಕ್ಕಳೊಳಗ ಸುಮಾರು 10 ಮಂದಿಗೆ ಇದದ. ಸ್ಕ್ಯಾನಿನ್ಯಾಗ ಏನೂ ಕಾಣಲಿಲ್ಲಂತ ಇಲ್ಲ ಅನ್ನಂಗಿಲ್ಲ. "ರಿಪೋರ್ಟ್ ನಾರ್ಮಲ್ ಬಂತು, ನಾಟಕಾ ಮಾಡ್ತಾಳ" ಅಂತ ಮಾತ್ರ ಅನಬ್ಯಾಡ್ರಿ.

ಇನ್ನ ನೀರಿನ ಮಾತು. ಕಾಲೇಜಿನ ಸಂಡಾಸ ಹೊಲಸಂತ ಹುಡುಗ್ಯಾರು ಮುಂಜಾನಿಂದ ನೀರ ಕುಡಿಯಂಗಿಲ್ಲ, ಮೂತ್ರಾ ತಡಕೋತಾವ. ಉರಿಮೂತ್ರ, ಜ್ವರಾ, ಪಕ್ಕಿ ನೋವು ಬಂದ್ರ ಅದು ಸೋಂಕು, ಮುಟ್ಟಿಗೂ ಅದಕ್ಕೂ ಸಂಬಂಧಿಲ್ಲ. ಹಾಸಿಗಿ ಮ್ಯಾಲೆ ಬಗ್ಗಿ ಮೊಬೈಲ್ ನೋಡೋದು, ಒಂದ ಹೆಗಲಿಗೆ ಮಣಭಾರದ ಬ್ಯಾಗು, ಇವೂ ನಡಾ ಹಿಡಸ್ತಾವ. (ನಮ್ಮ ಮನ್ಯಾಗ ಬ್ಯಾಗ ಎತ್ತಿ ನೋಡ್ರಿ, ಜೋಳದ ಚೀಲಾ!) ಒಮ್ಮಿಂದೊಮ್ಮೆ ಒಂದ ಕಡೆ ತಡಿಲಾರದ ನೋವು, ವಾಂತಿ ಬಂತಂದ್ರ ಕಷಾಯ ಕುದಸ್ಕೋತ ಕೂಡಬ್ಯಾಡ್ರಿ. ಅಪೆಂಡಿಕ್ಸ್ ಇರಬಹುದು, ಅಂಡಾಶಯ ತಿರುಚಿರಬಹುದು. ಅವತ್ತ ರಾತ್ರಿನ ದವಾಖಾನಿಗೆ ಹೋಗ್ರಿ.

ಖರೇ ಹೇಳಬೇಕಂದ್ರ ನಮಗ ತೊಡಕಾಗೋದು ರೊಕ್ಕ ಅಲ್ಲ. ಮದುವ್ಯಾಗದ ಹುಡುಗಿನ ಹೆಣಮಕ್ಕಳ ಡಾಕ್ಟರ್ ಕಡೆ ಕರಕೊಂಡು ಹೋದ್ರ ಓಣಿಯವ್ರು ಏನಂತಾರೋ ಅನ್ನೋ ಅಂಜಿಕಿ. ಹೊಟ್ಟಿ ಮ್ಯಾಲಿಂದನ ಸ್ಕ್ಯಾನ್ ಮಾಡ್ತಾರ, ಬ್ಯಾರೆ ತಪಾಸಣಿ ಬ್ಯಾಡಂದ್ರ ಬ್ಯಾಡನ್ನಬಹುದು. ಹೋಗೋ ಮುಂದ ಅಡಗಿಮನಿ ಕ್ಯಾಲೆಂಡರ್ ಬಿಚಗೊಂಡು ಹೋಗ್ರಿ. ಅದರಾಗ ಯಾವ ತಾರೀಖು, ಎಷ್ಟು ದಿನಾ ನೋವು, ಎಷ್ಟು ಗುಳಿಗಿ, ಕಾಲೇಜು ಎಷ್ಟು ದಿನಾ ತಪ್ಪಿತು, ಎಲ್ಲಾ ಬರದಿರಬೇಕು. ಹಾಲಿನ ಲೆಕ್ಕದ ಬಾಜೂಕನ ಬರೀರಿ. ಗಂಡಸರು ನೋಡಿದ್ರ ನೋಡಲಿ ಬಿಡ್ರಿ.