ನಡುದಾರಿಯಲ್ಲಿ ನಿಲ್ಲುವ ಮೋಟಾರುಗಳು

2025ನೆಯ ಇಸವಿಯ ಜೂನ್ ತಿಂಗಳ ಕಡೆಯಲ್ಲಿ ಮಧ್ಯಪ್ರದೇಶದ ರತ್ಲಾಮಿನಲ್ಲಿ ನಡೆದ ಸಂಗತಿಯನ್ನು ನಮ್ಮ ವಾಚಕರು ಮರೆತಿರಲಾರರು. ಆ ರಾಜ್ಯದ ಮುಖ್ಯಮಂತ್ರಿಗಳ ಪರಿವಾರಕ್ಕೆಂದು ಗೊತ್ತುಮಾಡಿದ್ದ 19 ಮೋಟಾರುಗಳು ಒಂದೇ ಬಂಕಿನಲ್ಲಿ ಡೀಸೆಲ್ ತುಂಬಿಸಿಕೊಂಡು ಹೊರಟು, ಸ್ವಲ್ಪ ದೂರ ಹೋಗುವಷ್ಟರಲ್ಲಿ ಒಂದರ ಹಿಂದೊಂದು ನಿಂತುಹೋದವು. ಡೀಸೆಲಿನಲ್ಲಿ ನೀರು ಬೆರೆತಿತ್ತು. ಅಧಿಕಾರಿಗಳು ಧಾವಿಸಿ ಬಂದರು; ಗಾಡಿಗಳ ಟ್ಯಾಂಕುಗಳನ್ನು ಬಿಚ್ಚಿಸಿ ನೋಡಿದರು; ಬಂಕಿಗೆ ಮೊಹರು ಬಿತ್ತು; ಬೇರೆ ಊರಿನಿಂದ ಬದಲಿ ಗಾಡಿಗಳು ಬಂದವು. ಇದರಲ್ಲಿ ತಪ್ಪೇನೂ ಇಲ್ಲ; ಹಾಗೆಯೇ ಆಗತಕ್ಕದ್ದು. ಆದರೆ ಇದೇ ವಿಪತ್ತು ಕೂಡ್ಲಿಗಿಯ ಒಬ್ಬ ಮಾಸ್ತರರಿಗೋ ಕೊಟ್ಟೂರಿನ ಒಬ್ಬ ವ್ಯಾಪಾರಿಗೋ ಒದಗಿದ್ದರೆ ಎಷ್ಟು ಮಂದಿ ಅಧಿಕಾರಿಗಳು ನಿದ್ದೆಗೆಡುತ್ತಿದ್ದರು ಎಂಬುದೇ ನಮ್ಮ ಪ್ರಶ್ನೆ.

ಈ ಪ್ರಶ್ನೆಯನ್ನು ನಾವು ಕುಚೋದ್ಯಕ್ಕಾಗಿ ಎತ್ತಿಲ್ಲ. ಹೊಸಪೇಟೆಯಿಂದ ಚಿತ್ರದುರ್ಗಕ್ಕೆ ಹೋಗುವ 50ನೆಯ ರಾಷ್ಟ್ರೀಯ ಹೆದ್ದಾರಿಯು ಕೂಡ್ಲಿಗಿಯ ಮೂಲಕವೇ ಹಾಯುತ್ತದೆ. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಜನರು 2021ರಿಂದೀಚೆಗೆ ವಿಜಯನಗರ ಜಿಲ್ಲೆಯವರಾಗಿ, ಸರಕಾರಿ ಕೆಲಸಕ್ಕೆಲ್ಲ ಹೊಸಪೇಟೆಯ ದಾರಿ ಹಿಡಿಯಬೇಕಾಗಿದೆ. ಕೊಟ್ಟೂರೇಶ್ವರನ ರಥೋತ್ಸವಕ್ಕೂ ಮೈಲಾರದ ಜಾತ್ರೆಗೂ ಬರುವ ಗಾಡಿಗಳಿಗೆ ಲೆಕ್ಕವಿಲ್ಲ. ಊರೊಳಗೆ ಗಾಡಿ ನಿಂತರೆ ನಾಲ್ಕು ಜನ ಕೂಡಿ ನೂಕಿಯಾರು. ಹೆದ್ದಾರಿಯಲ್ಲಿ, ಹಿಂದೆ ಲಾರಿಗಳ ಸಾಲು ಬರುತ್ತಿರುವಾಗ, ನೆರಳೂ ಇಲ್ಲದ ಮೇಸ್ತ್ರಿಯೂ ಸಿಗದ ಬಯಲಿನಲ್ಲಿ ಎಂಜಿನ್ನು ತಟ್ಟನೆ ನಿಂತರೆ ಅದು ಪ್ರಾಣದ ಮಾತು.

ಎಂಜಿನ್ನು ನಿಂತೊಡನೆ ಏನಾಗುತ್ತದೆಂಬುದನ್ನು ಗಾಡಿ ಓಡಿಸುವವರಲ್ಲಿಯೂ ಬಹಳ ಮಂದಿ ಅರಿಯರು. ಚಕ್ರಗಳು ಓಡುತ್ತಲೇ ಇರುತ್ತವೆ. ಆದರೆ ಅನೇಕ ಗಾಡಿಗಳಲ್ಲಿ ಸ್ಟಿಯರಿಂಗಿಗೆ ಒದಗುತ್ತಿದ್ದ ಸಹಾಯಬಲವು ತಪ್ಪಿ, ಅದು ಕಲ್ಲಿನಂತೆ ಬಿಗಿಯಾಗುತ್ತದೆ. ಬ್ರೇಕಿನ ಸಹಾಯಬಲವು ಒಂದೆರಡು ಸಲ ತುಳಿಯುವಷ್ಟು ಮಾತ್ರ ಉಳಿದಿರುತ್ತದೆ. ಆಮೇಲೆ ದೇಹದ ಭಾರವನ್ನೆಲ್ಲ ಹಾಕಿ ತುಳಿಯಬೇಕು. ಗಾಬರಿಗೊಂಡು ಬ್ರೇಕನ್ನು ಮೇಲಿಂದ ಮೇಲೆ ತುಳಿಯುವವನು ಉಳಿದ ಆಸರೆಯನ್ನು ತಾನೇ ಕಳೆದುಕೊಳ್ಳುತ್ತಾನೆ. ಓಡುತ್ತಿರುವಾಗಲೇ ಬೀಗದಕೈಯನ್ನು ಪೂರಾ ತಿರುಗಿಸಿ ಹೊರಕ್ಕೆ ಎಳೆದವನ ಸ್ಟಿಯರಿಂಗಿಗೆ ಬೀಗವೇ ಬೀಳಬಹುದು.

ಕಾರಣಗಳು ಮುಖ್ಯವಾಗಿ ಮೂರು ಬಗೆಯವು. ಮೊದಲನೆಯದು ಮಾಲೀಕನ ಅಲಕ್ಷ್ಯ. ವರ್ಷಗಟ್ಟಲೆ ಬದಲಾಯಿಸದ ಫಿಲ್ಟರು, ಸತ್ತ ಬ್ಯಾಟರಿ, ಮಸಿ ಕಟ್ಟಿದ ಥ್ರಾಟಲ್, ಸಡಿಲಗೊಂಡ ತಂತಿ ಇವುಗಳಿಗೆ ಸರಕಾರವನ್ನಾಗಲಿ ಕಂಪನಿಯನ್ನಾಗಲಿ ದೂರಿ ಪ್ರಯೋಜನವಿಲ್ಲ. ಎರಡನೆಯದು ಇಂಧನದ ದೋಷ; ಅದರ ನಿದರ್ಶನವನ್ನು ರತ್ಲಾಮಿನಲ್ಲಿ ಕಂಡಿದ್ದೇವೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ದೊರೆಯಿತು. ಕಬ್ಬು ಜೋಳ ಬೆಳೆಯುವ ರೈತನಿಗೆ ಇದರಿಂದ ಅನುಕೂಲವುಂಟೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಎಥನಾಲಿಗೆ ನೀರನ್ನು ಹೀರುವ ಗುಣವುಂಟು. ಬಂಕಿನ ನೆಲದೊಳಗಿನ ಟ್ಯಾಂಕಿಗೆ ಮಳೆಯ ನೀರು ಇಳಿದರೆ, ಒಂದು ಮಿತಿಯ ಮೇಲೆ ಎಥನಾಲು ನೀರಿನೊಡನೆ ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಆ ತಳದ ದ್ರವವು ಗಾಡಿಗೆ ಸೇರಿದರೆ ಎಂಜಿನ್ನು ನಡೆಯದು. ಆದುದರಿಂದ ಬಂಕುಗಳ ತಪಾಸಣೆಯು ಹಿಂದಿಗಿಂತ ಈಗ ಹೆಚ್ಚು ಕಟ್ಟುನಿಟ್ಟಾಗಬೇಕು.

ಮೂರನೆಯ ಕಾರಣವು ಕಾರ್ಖಾನೆಯಲ್ಲಿಯೇ ಹುಟ್ಟಿದ ದೋಷ. ನಮ್ಮ ವಿವೇಚನೆಗೆ ಮುಖ್ಯವಾದುದು ಇದೇ. ಇಂದಿನ ಪೆಟ್ರೋಲ್ ಕಾರುಗಳಲ್ಲಿ ಇಂಧನವನ್ನು ಎಂಜಿನ್ನಿಗೆ ತಳ್ಳುವ ಪಂಪು ಟ್ಯಾಂಕಿನೊಳಗೇ ಇರುತ್ತದೆ. ಅದರ ಪ್ಲಾಸ್ಟಿಕ್ಕಿನ ಚಕ್ರವು ಸರಿಯಾದ ಸಾಂದ್ರತೆಯದಲ್ಲದಿದ್ದರೆ ಪೆಟ್ರೋಲನ್ನು ಹೀರಿ ಉಬ್ಬಿ, ಕವಚಕ್ಕೆ ಉಜ್ಜಿ, ಒಂದು ದಿನ ತಿರುಗದೆ ನಿಲ್ಲುತ್ತದೆ. ಪಂಪಿನ ದೋಷಕ್ಕಾಗಿ ಮಾರುತಿ ಸುಜುಕಿ ಕಂಪನಿಯು 2020ರ ಜುಲೈಯಲ್ಲಿ 1,34,885 ಕಾರುಗಳನ್ನೂ, ಎಂಜಿನ್ನು ನಿಂತುಹೋಗುವ ಸಂಭವವುಂಟೆಂದು ತಾನೇ ತಿಳಿಸಿ 2024ರ ಮಾರ್ಚಿಯಲ್ಲಿ 16,041 ಕಾರುಗಳನ್ನೂ ಹಿಂದಕ್ಕೆ ಕರೆಯಿತು. ಹೋಂಡಾ ಕಂಪನಿಯು 2021ರ ಏಪ್ರಿಲಿನಲ್ಲಿ 77,954 ಕಾರುಗಳನ್ನೂ, 2024ರ ಅಕ್ಟೋಬರಿನಲ್ಲಿ ಮತ್ತೆ 90,000ಕ್ಕೂ ಮೇಲ್ಪಟ್ಟ ಕಾರುಗಳನ್ನೂ ಇದೇ ಪಂಪಿಗಾಗಿ ಕರೆಯಿತು. ಹೀಗೆ ತಾವಾಗಿಯೇ ದೋಷವನ್ನು ಸಾರಿ, ಹಣ ಕೇಳದೆ ಪಂಪನ್ನು ಬದಲಾಯಿಸಿಕೊಟ್ಟ ಕಂಪನಿಗಳ ನಡತೆಯು ಯೋಗ್ಯವಾದುದೇ ಸರಿ. ಮುಚ್ಚಿಡುವುದಕ್ಕಿಂತ ಒಪ್ಪಿಕೊಳ್ಳುವುದು ಲೇಸು.

ಮುಚ್ಚಿಟ್ಟರೆ ಏನಾಗುತ್ತದೆಂಬುದಕ್ಕೆ ಅಮೇರಿಕೆಯ ಜನರಲ್ ಮೋಟಾರ್ಸ್ ಕಂಪನಿಯೇ ಸಾಕ್ಷಿ. ಅದರ ಕೆಲವು ಸಣ್ಣ ಕಾರುಗಳಲ್ಲಿ ಇಗ್ನಿಷನ್ ಸ್ವಿಚ್ಚು ಸಡಿಲವಾಗಿದ್ದು, ಬೀಗದಕೈಗೊಂಚಲಿನ ಭಾರಕ್ಕೋ ಮೊಣಕಾಲಿನ ತಾಗುವಿಕೆಗೋ ತಿರುಗಿ, ಓಡುವ ಎಂಜಿನ್ನು ನಿಲ್ಲುತ್ತಿತ್ತು. ಅದರೊಡನೆ ಏರ್‌ಬ್ಯಾಗುಗಳೂ ಕೆಲಸ ಮಾಡುತ್ತಿರಲಿಲ್ಲ. ಕಂಪನಿಯೊಳಗೆ ಇದು ವರ್ಷಗಳಿಂದ ಗೊತ್ತಿದ್ದ ವಿಷಯವೇ. ಆದರೆ ಎಂಜಿನ್ನು ನಿಲ್ಲುವುದನ್ನು ಅಲ್ಲಿಯವರು ಸುರಕ್ಷತೆಯ ಪ್ರಶ್ನೆಯೆಂದೆಣಿಸದೆ, ಗ್ರಾಹಕರ ಅನಾನುಕೂಲವೆಂದಷ್ಟೇ ಭಾವಿಸಿ ಕಡತದಲ್ಲಿಟ್ಟರು. 2014ರಲ್ಲಿ ಸುಮಾರು 26 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಯುವ ಹೊತ್ತಿಗೆ ಕಾಲ ಮಿಂಚಿತ್ತು. ಪರಿಹಾರ ನಿಧಿಯು ಒಪ್ಪಿಕೊಂಡ ಮರಣಗಳೇ 124. ಮರುವರ್ಷ ಕಂಪನಿಯು 90 ಕೋಟಿ ಡಾಲರು ತೆತ್ತಿತು. ಒಂದು ಡಾಲರೂ ಬೆಲೆ ಬಾಳದ ಬಿಡಿಭಾಗಕ್ಕೆ ತೆತ್ತ ಬೆಲೆಯಿದು.

ನಮ್ಮ ದೇಶದಲ್ಲಿ 2012ರಿಂದ ತಯಾರಕರು ತಾವೇ ಒಪ್ಪಿಕೊಂಡ ನಿಯಮದಂತೆ ಕಾರುಗಳನ್ನು ಕರೆಯುತ್ತಿದ್ದರು. 1988ರ ಮೋಟಾರು ವಾಹನಗಳ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯು 110-ಎ ಎಂಬ ಹೊಸ ಕಲಮನ್ನು ಸೇರಿಸಿತು. ಗಾಡಿಯ ದೋಷದಿಂದ ಚಾಲಕನಿಗಾಗಲಿ ಪ್ರಯಾಣಿಕರಿಗಾಗಲಿ ದಾರಿಹೋಕರಿಗಾಗಲಿ ಅಪಾಯವಿದ್ದಲ್ಲಿ ಅದನ್ನು ಹಿಂದಕ್ಕೆ ಕರೆಯಿರೆಂದು ಕೇಂದ್ರ ಸರಕಾರವು ಕಂಪನಿಗೆ ಆಜ್ಞಾಪಿಸಬಹುದು. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳ ಮೇರೆಗೆ, ಗಾಡಿಗಳ ಜಾತಿಯನ್ನೂ ಸಂಖ್ಯೆಯನ್ನೂ ನೋಡಿ 10 ಲಕ್ಷದಿಂದ 1 ಕೋಟಿ ರೂಪಾಯಿಯವರೆಗೆ ದಂಡ ವಿಧಿಸಬಹುದು. ತಾನಾಗಿಯೇ ದೋಷವನ್ನು ತಿಳಿಸಿದ ಕಂಪನಿಗೆ ದಂಡವಿಲ್ಲ.

ಕಾಯಿದೆಯ ಉದ್ದೇಶವು ಸ್ತುತ್ಯವಾದುದು. ಆದರೆ ಅದು ನಮ್ಮ ತಾಲೂಕುಗಳ ಬಾಗಿಲಿಗೆ ಮುಟ್ಟುವುದು ಹೇಗೆ? ಸರಕಾರವು ಆಜ್ಞೆ ಹೊರಡಿಸಲು ಮುಖ್ಯ ಆಧಾರವೆಂದರೆ ಮಾಲೀಕರು ಬರೆಯಿಸಿದ ದೂರುಗಳ ಸಂಖ್ಯೆ. ದೊಡ್ಡ ನಗರದವನ ಕಾರು ನಿಂತರೆ ಅವನು ಕಂಪನಿಯ ಸರ್ವೀಸ್ ಕೇಂದ್ರಕ್ಕೆ ಹೋಗುತ್ತಾನೆ, ಅಲ್ಲಿ ದಾಖಲೆಯಾಗುತ್ತದೆ. ಹಗರಿಬೊಮ್ಮನಹಳ್ಳಿಯವನ ಕಾರು ನಿಂತರೆ ಅವನು ಪರಿಚಯದ ಮೇಸ್ತ್ರಿಯನ್ನು ಕರೆಸಿ, ಪಂಪನ್ನು ಬದಲಾಯಿಸಿ, ಹಣ ತೆತ್ತು, ದೇವರು ಕಾಪಾಡಿದನೆಂದು ಮುಂದೆ ಸಾಗುತ್ತಾನೆ. ದಾಖಲೆಯಾಗದ ದೋಷವು ಕಾಯಿದೆಯ ಕಣ್ಣಿಗೆ ದೋಷವೇ ಅಲ್ಲ. ಹೀಗೆ ನಮ್ಮ ಜನರ ಸಹನೆಯೇ ನಮ್ಮ ಜನರಿಗೆ ಮುಳುವಾಗುತ್ತಿದೆ.

ಇನ್ನೊಂದು ಕೊರತೆಯುಂಟು. ನಿಯಮಗಳು ಏಳು ವರ್ಷದೊಳಗಿನ ಗಾಡಿಗಳಿಗೆ ಮಾತ್ರ ಅನ್ವಯಿಸುತ್ತವೆ. ಹೋಂಡಾ ಕಂಪನಿಯು 2024ರಲ್ಲಿ ಕರೆದ ಕಾರುಗಳಲ್ಲಿ ಬಹುಪಾಲು 2017-18ರ ಸುಮಾರಿನಲ್ಲಿ ತಯಾರಾದವು. ದೋಷವು ಬಯಲಾಗಲು ಅಷ್ಟು ಕಾಲ ಹಿಡಿಯಿತೆಂದರೆ ಏಳು ವರ್ಷದ ಗಡಿಗೆ ಏನರ್ಥ? ಅಷ್ಟರೊಳಗೆ ಅಂಥ ಎಷ್ಟೋ ಕಾರುಗಳು ಕೈಬದಲಾಗಿರುತ್ತವೆ. ನಗರದಲ್ಲಿ ಐದಾರು ವರ್ಷ ಓಡಿದ ಕಾರನ್ನು ಕೊಂಡು ಬಾಡಿಗೆಗೆ ಓಡಿಸಿ ಹೊಟ್ಟೆ ಹೊರೆಯುವವರು ನಮ್ಮ ಊರುಗಳಲ್ಲಿ ಎಷ್ಟು ಮಂದಿಯಿಲ್ಲ? ಕಂಪನಿಯ ಸೂಚನೆಯು ಮೊದಲ ಮಾಲೀಕನ ಹಳೆಯ ವಿಳಾಸಕ್ಕೆ ಹೋಗುತ್ತದೆ. ದೋಷವು ಮಾತ್ರ ಎರಡನೆಯವನ ಮನೆಯ ಮುಂದೆ ನಿಂತಿರುತ್ತದೆ.

ಆದಕಾರಣ ಅಧಿಕಾರಿಗಳ ಮುಂದೆ ನಾವು ಕೆಲವು ಸೂಚನೆಗಳನ್ನಿಡುತ್ತೇವೆ. ಕಾರು ಒಬ್ಬರಿಂದ ಒಬ್ಬರ ಹೆಸರಿಗೆ ವರ್ಗವಾಗುವಾಗ, ಹಿಂದಕ್ಕೆ ಕರೆದ ಗಾಡಿಗಳ ಪಟ್ಟಿಯಲ್ಲಿ ಅದು ಇದೆಯೇ ಎಂಬುದನ್ನು ಹೊಸಪೇಟೆಯ ಸಾರಿಗೆ ಕಚೇರಿಯು ನೋಡಿ, ಕೊಳ್ಳುವವನಿಗೆ ಬರವಣಿಗೆಯಲ್ಲಿ ತಿಳಿಸಲಿ. ಅಂಥ ಪಟ್ಟಿಯನ್ನು ಕನ್ನಡದಲ್ಲಿ ಅಚ್ಚುಮಾಡಿಸಿ ಪ್ರತಿಯೊಂದು ತಾಲೂಕು ಕಚೇರಿಯಲ್ಲಿ ತೂಗಹಾಕಲಿ. ಕಂಪನಿಗಳು ವರ್ಷಕ್ಕೊಮ್ಮೆಯಾದರೂ ತಾಲೂಕಿನ ಊರುಗಳಲ್ಲಿಯೇ ತಪಾಸಣೆಯ ಶಿಬಿರ ನಡೆಸುವಂತೆ ಒತ್ತಾಯಿಸಲಿ. ಮಳೆಗಾಲದಲ್ಲಿ ಬಂಕುಗಳ ಟ್ಯಾಂಕುಗಳನ್ನು ಆಹಾರ ಇಲಾಖೆಯವರೂ ತೈಲ ಕಂಪನಿಯವರೂ ಮೇಲಿಂದ ಮೇಲೆ ಪರೀಕ್ಷಿಸಲಿ. ಇವು ಬೊಕ್ಕಸವನ್ನು ಬರಿದುಮಾಡುವ ಕೆಲಸಗಳಲ್ಲ.

ನಮ್ಮ ವಾಚಕರಿಗೂ ಎರಡು ಮಾತು. ಎಂಜಿನ್ನು ನಿಂತರೆ ಗಾಬರಿಯಾಗದೆ, ನಾಲ್ಕೂ ದೀಪಗಳು ಮಿನುಗುವ ಗುಂಡಿಯನ್ನೊತ್ತಿ, ಓಟವಿರುವಾಗಲೇ ಎಡಕ್ಕೆ ತಂದು, ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿದು ನಿಲ್ಲಿಸಬೇಕು. ಜನರನ್ನು ಇಳಿಸಿ ರಸ್ತೆಯಿಂದಾಚೆಗೆ ಕಳುಹಿಸಿ, ಕೆಂಪು ತ್ರಿಕೋನವನ್ನು ಗಾಡಿಯ ಹಿಂದೆ ಸಾಕಷ್ಟು ದೂರದಲ್ಲಿಟ್ಟು, ಹೆದ್ದಾರಿಯಾದರೆ 1033ಕ್ಕೆ ಕರೆಮಾಡಬೇಕು. ಬಂಕಿನಲ್ಲಿ ಸಂಶಯ ಬಂದರೆ ಸಾಂದ್ರತೆಯ ಪರೀಕ್ಷೆಯನ್ನು ಕೇಳುವ ಹಕ್ಕು ಗ್ರಾಹಕನಿಗುಂಟು, ಸಂಕೋಚಪಡದೆ ಕೇಳಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಗಾಡಿ ದುರಸ್ತಾದ ಮೇಲೆ ಸುಮ್ಮನಾಗಬಾರದು. ಕಂಪನಿಗೆ ಬರೆಯಬೇಕು, ಸರಕಾರಕ್ಕೆ ದೂರು ಕೊಡಬೇಕು, 1915ರ ಗ್ರಾಹಕ ಸಹಾಯವಾಣಿಗೆ ತಿಳಿಸಬೇಕು, ಬಿಲ್ಲನ್ನು ಜೋಪಾನವಾಗಿಡಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದೋಷಯುಕ್ತ ಪದಾರ್ಥದಿಂದಾದ ಹಾನಿಗೆ ತಯಾರಕನನ್ನು ಹೊಣೆಮಾಡಿದೆ. ಪುರಾವೆಯಿಲ್ಲದವನಿಗೆ ಆ ಕಾಯಿದೆಯೂ ನೆರವಾಗಲಾರದು.

ಮುಖ್ಯಮಂತ್ರಿಗಳ ಗಾಡಿಗೂ ಬಾಡಿಗೆಯವನ ಗಾಡಿಗೂ ಒಂದೇ ರಸ್ತೆ, ಒಂದೇ ಬಂಕು. ಕಾಯಿದೆಯ ರಕ್ಷಣೆಯೂ ಇಬ್ಬರಿಗೂ ಒಂದೇ ಆಗಿರಬೇಕೆಂದು ಕೇಳುವುದು ಅತಿಯಾಸೆಯಲ್ಲ. ಜಿಲ್ಲೆಯ ಅಧಿಕಾರಿಗಳು ಒಂದು ಅಪಘಾತವಾಗುವ ತನಕ ಕಾಯದೆ ಈ ವಿಷಯದತ್ತ ಗಮನ ಕೊಡುವರೆಂದು ನಾವು ನಂಬಿದ್ದೇವೆ.