50 ವರ್ಷದ ಕಾರು ಪರಂಪರೆ, 30 ವರ್ಷದ ಬೈಕು ಗುಜರಿ

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಟೆಕ್ಸಾಸ್‌ನಿಂದ ವಿಡಿಯೋ ಕಾಲ್ ಬಂತು. ನನ್ನ ಹಾಸ್ಟೆಲ್ ರೂಮ್‌ಮೇಟ್, ದಾವಣಗೆರೆಯ ಹುಡುಗ. ಇಬ್ಬರೂ ಓದಿದ್ದು ಮೆಕ್ಯಾನಿಕಲ್. ಅದನ್ನು ಬಿಟ್ಟು ಅವನು ಸಾಫ್ಟ್‌ವೇರ್‌ಗೆ ಹೋದ, ನಾನು ಪತ್ರಿಕೋದ್ಯಮಕ್ಕೆ ಬಂದೆ. ಫೋನಿನಲ್ಲಿ ಅವನ ಮುಖದ ಬದಲು ಗ್ರೀಸ್ ಮೆತ್ತಿದ ಒಂದು ಇಂಜಿನ್ ಕಾಣಿಸಿತು. "ಲೋ ಮಗಾ, ನೋಡಿಲ್ಲಿ. ಆರ್‌ಬಿ26! ಕೊನೆಗೂ ಸ್ಟಾರ್ಟ್ ಆಯ್ತು ಕಣೋ."

ಅದು 1991ರ ನಿಸಾನ್ ಸ್ಕೈಲೈನ್ ಜಿಟಿ-ಆರ್, ಆರ್32 ಮಾಡೆಲ್. 2.6 ಲೀಟರಿನ, ಆರು ಸಿಲಿಂಡರಿನ, ಎರಡು ಟರ್ಬೋ ಇರುವ ಇಂಜಿನ್. ಜಪಾನಿನಿಂದ ಹಡಗಿನಲ್ಲಿ ತರಿಸಿಕೊಂಡು, ಮನೆಯ ಗ್ಯಾರೇಜಿನಲ್ಲಿ ಒಂದೂವರೆ ವರ್ಷ ಕೂತು ರಿಪೇರಿ ಮಾಡಿದ್ದಾನೆ. ತುಕ್ಕು ತಿಂದಿದ್ದ ಬಾಗಿಲ ಕೆಳಗಿನ ತಗಡನ್ನು ಕತ್ತರಿಸಿ ಹೊಸದನ್ನು ವೆಲ್ಡ್ ಮಾಡಿದ್ದಾನೆ. ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಆಯಿಲ್ ಪಂಪ್ ಎಲ್ಲ ಹೊಸವು. ಮೂಲ ಟರ್ಬೋಗಳಲ್ಲಿ ಸೆರಾಮಿಕ್ ಚಕ್ರಗಳಿರುತ್ತವೆ. ಒತ್ತಡ ಹೆಚ್ಚಿಸಿದರೆ ಅವು ಪುಡಿಯಾಗುವ ಅಪಾಯವಿದೆ. ಅದಕ್ಕೇ ಲೋಹದ ಚಕ್ರವಿರುವ ಟರ್ಬೋ ಕೂರಿಸಿದ್ದಾನೆ. ಅಂದರೆ ಇದು ಬರೀ ರಿಪೇರಿಯಲ್ಲ, ಮಾಡಿಫಿಕೇಶನ್ ಕೂಡ.

ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಈ ಲೇಖನ ಹೊಟ್ಟೆಕಿಚ್ಚಿನದಲ್ಲ. ಅವನು ಮಾಡಿದ ಕೆಲಸವನ್ನೇ ನಾನು ಬೆಂಗಳೂರಿನಲ್ಲಿ ಮಾಡಿದ್ದರೆ ಕಾನೂನು ನನ್ನನ್ನು ಏನೆಂದು ಕರೆಯುತ್ತಿತ್ತು ಅನ್ನುವುದು ನನ್ನ ಪ್ರಶ್ನೆ.

25 ವರ್ಷದ ಬಾಗಿಲು

ಅಮೆರಿಕವೇನೂ ಸ್ವರ್ಗವಲ್ಲ. ಅಲ್ಲಿಯ ಸುರಕ್ಷತಾ ಮಾನದಂಡಕ್ಕೆ ಹೊಂದದ ಕಾರನ್ನು ಹೊರಗಿನಿಂದ ತರುವಂತಿಲ್ಲ. 1988ರ ಕಾಯ್ದೆ ಆ ಬಾಗಿಲನ್ನು ಇನ್ನಷ್ಟು ಬಿಗಿ ಮಾಡಿತು. ಹೊರದೇಶದಿಂದ ಕಡಿಮೆ ಬೆಲೆಗೆ ಬರುತ್ತಿದ್ದ ಐಷಾರಾಮಿ ಕಾರುಗಳಿಂದ ನಷ್ಟ ಅನುಭವಿಸುತ್ತಿದ್ದ ಅಧಿಕೃತ ಮಾರಾಟಗಾರರ ಲಾಬಿ ಅದರ ಹಿಂದಿತ್ತು. ಆದರೂ ಒಂದು ಕಿಂಡಿ ಉಳಿಯಿತು. ತಯಾರಾಗಿ 25 ವರ್ಷ ತುಂಬಿದ ಕಾರಿಗೆ ಆ ಮಾನದಂಡ ಅನ್ವಯಿಸುವುದಿಲ್ಲ. 1989ರಲ್ಲಿ ಬಂದ ಆರ್32 ಅಮೆರಿಕಕ್ಕೆ 2014ರಲ್ಲಿ, 1999ರಲ್ಲಿ ಬಂದ ಆರ್34 2024ರಲ್ಲಿ ಕಾನೂನುಬದ್ಧವಾದದ್ದು ಹೀಗೆ.

ಇನ್ನು ಜಪಾನ್. ಅಲ್ಲಿ 'ಶಾಕೆನ್' ಅನ್ನುವ ಕಡ್ಡಾಯ ತಪಾಸಣೆ ಇದೆ. ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ. ಪೆಟ್ರೋಲ್ ಕಾರಿಗೆ 13 ವರ್ಷ ದಾಟಿದರೆ ತೆರಿಗೆಯೂ ಜಾಸ್ತಿ. ಹಳೆ ಸ್ಪೋರ್ಟ್ಸ್ ಕಾರುಗಳು ಹರಾಜಿಗೆ ಬಂದು ಹಡಗು ಹತ್ತಲು ಇದೂ ಒಂದು ಕಾರಣ. ಆದರೆ ಅಲ್ಲಿ ಮಾಡಿಫೈ ಮಾಡಿದ ಕಾರಿಗೂ ದಾರಿ ಇದೆ. ದೊಡ್ಡ ಬದಲಾವಣೆ ಮಾಡಿದರೆ ಕಾಗದಪತ್ರ ಕೊಟ್ಟು, ಕಾರನ್ನು ತಪಾಸಣೆಗೆ ಒಡ್ಡಿ, ಪಾಸಾದರೆ ದಾಖಲೆಯಲ್ಲೇ ನಮೂದು ಮಾಡಿಸಿಕೊಳ್ಳಬಹುದು. ಸಣ್ಣಪುಟ್ಟ ಬಿಡಿಭಾಗಗಳ ನಿಯಮ ಸಡಿಲವಾದದ್ದು 1995ರಲ್ಲಿ. ಅದೂ ಜನರ ಮೇಲಿನ ಪ್ರೀತಿಯಿಂದಲ್ಲ, ಕಾರು ವ್ಯಾಪಾರದ ಜಟಾಪಟಿಯಲ್ಲಿ ಅಮೆರಿಕ ಹಾಕಿದ ಒತ್ತಡದಿಂದ. ತನ್ನ ಬಿಡಿಭಾಗಗಳಿಗೆ ಜಪಾನಿನ ಮಾರುಕಟ್ಟೆ ತೆರೆಯಬೇಕು ಅಂತ ಅಮೆರಿಕ ಪಟ್ಟು ಹಿಡಿದಿತ್ತು. ಲಾಭ ಮಾತ್ರ ಗ್ಯಾರೇಜಿನ ಹುಡುಗರಿಗೂ ಸಿಕ್ಕಿತು.

ಕಂಪನಿಗಳೂ ಇದನ್ನು ಗಮನಿಸಿವೆ. ಆರ್32ಗೆ ಬೇಕಾದ ಹಳೆ ಬಿಡಿಭಾಗಗಳನ್ನು ನಿಸಾನ್ 2017ರಲ್ಲಿ ಮತ್ತೆ ತಯಾರಿಸಲು ಶುರು ಮಾಡಿತು. ಟೊಯೊಟಾ ತನ್ನ ಹಳೆ ಸುಪ್ರಾಗಳಿಗೆ ಇದನ್ನೇ ಮಾಡಿತು. ಮನೆಯಲ್ಲಿ ರಿಪೇರಿ ಮಾಡುವವನು ಅಲ್ಲಿ ಗಿರಾಕಿ. ಇಲ್ಲಿ?

ನನ್ನ ಸ್ಕೈಲೈನ್, ಅಂದರೆ ಅಪ್ಪನ ಆರ್‌ಎಕ್ಸ್

ಭಾರತಕ್ಕೆ ಹಳೆ ಸ್ಕೈಲೈನ್ ತರಲು ಸಾಮಾನ್ಯ ದಾರಿಯೇ ಇಲ್ಲ. ಬಳಸಿದ ಕಾರು ತರಬೇಕೆಂದರೆ ಅದು ತಯಾರಾಗಿ 3 ವರ್ಷ ಮೀರಿರಬಾರದು. ಇನ್ನೊಂದು ಕಡೆ 50 ವರ್ಷ ದಾಟಿದ ವಿಂಟೇಜ್ ವಾಹನಗಳ ಆಮದಿಗೆ 2025ರ ಆರಂಭದಲ್ಲಿ ಬಾಗಿಲು ತೆರೆಯಲಾಯಿತು. ನಡುವಿನ 47 ವರ್ಷ ಆ ಕಾರು ನಮ್ಮ ದೇಶದ ಪಾಲಿಗೆ ಹುಟ್ಟೇ ಇಲ್ಲ. ನನ್ನ ಗೆಳೆಯ ತನ್ನ ಕಾರನ್ನು ದಾವಣಗೆರೆಗೆ ತರಬೇಕೆಂದರೆ 2041ರವರೆಗೆ ಕಾಯಬೇಕು.

ಹಾಗಾಗಿ ನಮ್ಮ ಪಾಲಿನ ಜಪಾನೀ ಸ್ಪೋರ್ಟ್ಸ್ ಗಾಡಿ ಅಂದರೆ ಯಮಹಾ ಆರ್‌ಎಕ್ಸ್ 100. ಶುರುವಿನಲ್ಲಿ ಜಪಾನಿನಿಂದ ಬಿಡಿಬಿಡಿಯಾಗಿ ಬಂದು ಇಲ್ಲಿ ಜೋಡಣೆಯಾಗುತ್ತಿದ್ದ, 1985ರಿಂದ 1996ರವರೆಗೆ ಮಾರಾಟವಾದ 98 ಸಿಸಿಯ ಟೂ ಸ್ಟ್ರೋಕ್ ಗಾಡಿ. ನಮ್ಮ ಅಪ್ಪನದು 1992ರದ್ದು. ಕೋವಿಡ್ ಸಮಯದಲ್ಲಿ ಅದನ್ನು ಬಿಚ್ಚಿದೆ. ಜೆ.ಸಿ. ರೋಡ್, ಶಿವಾಜಿನಗರದ ಗುಜರಿ ಅಲೆದು ಸಾಮಾನು ಹೊಂದಿಸಿದೆ. ಇಂಜಿನ್ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿದೆ. ಜೊತೆಗೆ ಮುಂದಿನ ಡ್ರಮ್ ಬ್ರೇಕ್ ತೆಗೆದು ಡಿಸ್ಕ್ ಬ್ರೇಕ್ ಕೂರಿಸಿದೆ. ಕಾರಣ ಸರಳ: ಡ್ರಮ್ಮಿನೊಳಗೆ ಬಿಸಿ ಕೂತುಕೊಳ್ಳುತ್ತದೆ, ಮತ್ತೆ ಮತ್ತೆ ಒತ್ತಿದರೆ ಹಿಡಿತ ಸಡಿಲವಾಗುತ್ತದೆ. ಡಿಸ್ಕ್ ಗಾಳಿಗೆ ತೆರೆದಿರುತ್ತದೆ, ಬೇಗ ತಣಿಯುತ್ತದೆ.

ಆರ್‌ಸಿ ನವೀಕರಣಕ್ಕೆ ಗಾಡಿ ತಗೊಂಡು ಹೋದೆ. ತಪಾಸಣೆ ಮಾಡಿದವರು ಮುಂದಿನ ಚಕ್ರ ನೋಡಿ ಕೇಳಿದರು, "ಇದು ಕಂಪನಿದಲ್ಲ ಅಲ್ವಾ?"

"ಅಲ್ಲ ಸರ್. ಆದ್ರೆ ಡ್ರಮ್‌ಗಿಂತ ಇದು ಚೆನ್ನಾಗಿ ಹಿಡಿಯುತ್ತೆ."

"ಅದೆಲ್ಲ ಬೇಡಪ್ಪ. ಹಳೇದು ಹಾಕ್ಕೊಂಡು ಬನ್ನಿ."

ಅವರು ಒರಟಾಗಿ ಮಾತಾಡಲಿಲ್ಲ, ದುಡ್ಡು ಕೇಳಲಿಲ್ಲ. ಬ್ರೇಕ್ ಒತ್ತಿ ಪರೀಕ್ಷೆಯನ್ನೂ ಮಾಡಲಿಲ್ಲ. ಒಂದು ವಾರ ಬಿಟ್ಟು ಹಳೆ ಡ್ರಮ್ ಹಾಕಿಕೊಂಡು ಹೋದೆ. ಪಾಸಾಯಿತು. ಸರ್ಕಾರದ ಮೊಹರು ಬಿದ್ದಿದ್ದು ಕಡಿಮೆ ಹಿಡಿಯುವ ಬ್ರೇಕಿಗೆ.

ಸೆಕ್ಷನ್ 52 ಏನು ಹೇಳುತ್ತದೆ?

ಆ ಅಧಿಕಾರಿಯನ್ನು ದೂರಿ ಪ್ರಯೋಜನವಿಲ್ಲ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ತಯಾರಕರು ಮೂಲದಲ್ಲಿ ಹೇಳಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ಮಾಲೀಕರು ವಾಹನ ಬದಲಿಸುವಂತಿಲ್ಲ. ಸಿಎನ್‌ಜಿ ಕಿಟ್, ಅಂಗವಿಕಲರಿಗಾಗಿ ಮಾಡುವ ಮಾರ್ಪಾಡು ಇಂಥ ಕೆಲವು ವಿನಾಯಿತಿಗಳಿವೆ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷ ಬಂದ ತಿದ್ದುಪಡಿಯಲ್ಲಿ ಶಿಕ್ಷೆಯೂ ಸೇರಿತು: ಅನುಮತಿಯಿಲ್ಲದ ಬದಲಾವಣೆಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡೂ.

ಇದರ ಹಿಂದಿನ ಕಾಳಜಿ ಸುಳ್ಳಲ್ಲ. ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆ ಮುಂದೆ ಸೈಲೆನ್ಸರ್ ಬಿಚ್ಚಿ 'ಪಟಪಟ' ಅನ್ನಿಸುವವನ ಪರ ನಾನು ಮಾತಾಡುತ್ತಿಲ್ಲ. ಚಾಸಿ ಕತ್ತರಿಸಿ ಉದ್ದ ಮಾಡಿದ ಗಾಡಿ ಹೆದ್ದಾರಿಯಲ್ಲಿ ಎರಡು ತುಂಡಾದರೆ ಸಾಯುವವರು ಬೇರೆಯವರು. ನನ್ನ ಆರ್‌ಎಕ್ಸ್ ಬಿಡುವ ನೀಲಿ ಹೊಗೆಯನ್ನು ಹಿಂದಿನ ಸ್ಕೂಟರಿನ ಮಗು ಕುಡಿಯುತ್ತದೆ ಅನ್ನುವುದೂ ನನಗೆ ಗೊತ್ತು. ಅಮೆರಿಕದಲ್ಲೂ ಈ ವಿಷಯದಲ್ಲಿ ಎಲ್ಲ ರಾಜ್ಯ ಒಂದೇ ಥರ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ 1976ರಿಂದೀಚಿನ ಪೆಟ್ರೋಲ್ ಕಾರು ಹೊಗೆ ಪರೀಕ್ಷೆ ಪಾಸಾಗಲೇಬೇಕು. ಅದು ತಪ್ಪು ಅಂತ ನನಗನ್ನಿಸುವುದಿಲ್ಲ.

ಆದರೆ ಹೊಗೆಯನ್ನು ಅಳೆಯಬಹುದು. ಸದ್ದನ್ನು ಅಳೆಯಬಹುದು. ಬ್ರೇಕ್ ಎಷ್ಟು ದೂರದಲ್ಲಿ ನಿಲ್ಲಿಸುತ್ತದೆ ಅಂತಲೂ ಅಳೆಯಬಹುದು. ನಮ್ಮ ಕಾನೂನು ಮೊದಲು ಕೇಳುವುದು ಅಳತೆಯನ್ನಲ್ಲ, 'ಕಂಪನಿ ಕೊಟ್ಟಿದ್ದಾ, ಅಲ್ವಾ?' ಅನ್ನುವುದನ್ನು. ಕಿವಿ ಹರಿಯುವ ಸೈಲೆನ್ಸರಿಗೂ ಜೀವ ಉಳಿಸುವ ಬ್ರೇಕಿಗೂ ಅದರ ಕಣ್ಣಲ್ಲಿ ವ್ಯತ್ಯಾಸವಿಲ್ಲ.

ಯಾರ ಹಳೆಯದು ಪರಂಪರೆ?

ಇಲ್ಲಿ ವರ್ಗದ ಪ್ರಶ್ನೆ ಬರುತ್ತದೆ. 2021ರ ವಿಂಟೇಜ್ ವಾಹನ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಕ್ಕೆ 'ವಿಎ' ಸರಣಿಯ ವಿಶೇಷ ನಂಬರ್ ಪ್ಲೇಟ್. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ನಂತರದ ಮರುನೋಂದಣಿಗೆ 5,000. ದಿನಬಳಕೆಗೆ ಓಡಿಸುವಂತಿಲ್ಲ, ರ‍್ಯಾಲಿ, ಪ್ರದರ್ಶನಗಳಿಗೆ ಓಡಿಸಬಹುದು. ಐವತ್ತು ವರ್ಷದ ಹಿಂದೆ ಈ ದೇಶದಲ್ಲಿ ಕಾರಿದ್ದದ್ದು ಯಾರ ಮನೆಯಲ್ಲಿ? ಇವತ್ತು ಅದನ್ನು ಶೆಡ್ಡಿನಲ್ಲಿ ಜೋಪಾನವಾಗಿಟ್ಟು ಭಾನುವಾರ ಮಾತ್ರ ಹೊರತೆಗೆಯಬಲ್ಲವರು ಯಾರು?

ಅದೇ ಅಪ್ಪ ಪಿಎಫ್ ಸಾಲ ತೆಗೆದು ಕೊಂಡ ಗಾಡಿಗೆ ಏನಾಯಿತು ನೋಡಿ. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ವಾಹನಗಳ ನೋಂದಣಿ ನವೀಕರಣ ಶುಲ್ಕ ಏರಿತು. ಬೈಕಿಗೆ 2,000, ಕಾರಿಗೆ 10,000, ಆಮದು ಕಾರಿಗೆ 80,000 ರೂಪಾಯಿ. ಇದು ಒಮ್ಮೆ ಕಟ್ಟಿ ಮರೆಯುವ ಶುಲ್ಕವಲ್ಲ, ಐದೈದು ವರ್ಷಕ್ಕೊಮ್ಮೆ ಕಟ್ಟಬೇಕು. ದೆಹಲಿಯಲ್ಲಂತೂ ಅದೇ ವರ್ಷ ಜುಲೈ 1ರಿಂದ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನಗಳಿಗೆ ಬಂಕಿನಲ್ಲಿ ಇಂಧನವನ್ನೇ ಕೊಡಬೇಡಿ ಅಂದರು. ಜನ ಸಿಟ್ಟಾದ ಮೇಲೆ ಕೆಲವೇ ದಿನಗಳಲ್ಲಿ ಅದನ್ನು ಮುಂದೂಡಿದರು. ಅಲ್ಲೂ ನೋಡಿದ್ದು ವಾಹನದ ವಯಸ್ಸನ್ನೇ ಹೊರತು ಹೊಗೆಯ ಅಳತೆಯನ್ನಲ್ಲ.

50 ದಾಟಿದರೆ ಪರಂಪರೆ, 20 ದಾಟಿದರೆ ಗುಜರಿ. ನಡುವಿನ ಮೂವತ್ತು ವರ್ಷ ಆ ಗಾಡಿಯನ್ನು ಬದುಕಿಸಿಟ್ಟುಕೊಳ್ಳುವವನಿಗೆ ಶುಲ್ಕ, ದಂಡ, ಅನುಮಾನ. ಅಷ್ಟು ವರ್ಷ ಅದನ್ನು ಬದುಕಿಸುವ ಮೆಕ್ಯಾನಿಕ್ ಇಲ್ಲದೆ ಯಾವ ಗಾಡಿ ತಾನೇ ವಿಂಟೇಜ್ ಆದೀತು?

ಕೇಳಬೇಕಾದದ್ದು ಏನು?

ಮೊದಲನೆಯದು, ಜಪಾನಿನಂತೆ ಮಾರ್ಪಾಡನ್ನು ಪರೀಕ್ಷಿಸಿ ಆರ್‌ಸಿಯಲ್ಲಿ ನಮೂದಿಸುವ ವ್ಯವಸ್ಥೆ. ಸ್ವಯಂಚಾಲಿತ ಫಿಟ್‌ನೆಸ್ ಕೇಂದ್ರಗಳನ್ನು ಕಟ್ಟುತ್ತಿರುವ ಸರ್ಕಾರಕ್ಕೆ ಇದು ಅಸಾಧ್ಯವಲ್ಲ. ಎರಡನೆಯದು, ವಯಸ್ಸಿನ ಬದಲು ಹೊಗೆಯ ಅಳತೆ. ಅದರಲ್ಲಿ ನನ್ನ ಆರ್‌ಎಕ್ಸ್ ಫೇಲಾದರೆ ಆಗಲಿ, ಒಪ್ಪುತ್ತೇನೆ. ಮೂರನೆಯದು, ರಿಪೇರಿ ಹಕ್ಕು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಇದಕ್ಕೊಂದು ಸಮಿತಿ ಮಾಡಿತು, ವಾಹನಗಳನ್ನೂ ಅದರಲ್ಲಿ ಸೇರಿಸಿತು, ಪೋರ್ಟಲ್ ಕೂಡ ತೆರೆಯಿತು. ಪೋರ್ಟಲ್ ಹಕ್ಕಲ್ಲ, ಕಾಯ್ದೆ ಬೇಕು.

"ಇದೆಲ್ಲ ಆಗೋ ಮಾತಾ?" ಅಂತ ಕೇಳುವವರಿಗೆ ಎರಡು ಉದಾಹರಣೆ. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2020ರಲ್ಲಿ ಕಾರು ರಿಪೇರಿ ಹಕ್ಕನ್ನು ವಿಸ್ತರಿಸುವ ಪ್ರಸ್ತಾವ ಮತಕ್ಕೆ ಬಂದಾಗ ಸುಮಾರು ಮುಕ್ಕಾಲು ಪಾಲು ಮತದಾರರು ಹೌದು ಅಂದರು. ಜಪಾನಿನ ಪುಟಾಣಿ ಕೇ ಟ್ರಕ್ಕುಗಳನ್ನು ನೋಂದಾಯಿಸಲು ಒಲ್ಲೆ ಎನ್ನುತ್ತಿದ್ದ ಟೆಕ್ಸಾಸ್‌ನ ಸಾರಿಗೆ ಇಲಾಖೆ, ಮಾಲೀಕರು ಸಂಘಟಿತರಾಗಿ ಬೆನ್ನು ಬಿದ್ದ ಮೇಲೆ 2024ರಲ್ಲಿ ನಿಲುವು ಬದಲಿಸಿತು. ಅವರೂ ನಮ್ಮ ನಿಮ್ಮ ಥರದ ಗಾಡಿ ಹುಚ್ಚರೇ. ನಾವು ರೀಲ್ಸ್ ಮಾಡಿ ಸುಮ್ಮನಾಗುತ್ತೇವೆ, ಅವರು ಅರ್ಜಿ ಹಿಡಿದು ಶಾಸಕರ ಬಾಗಿಲಿಗೆ ಹೋದರು.

ಸ್ಕಿಲ್ ಇಂಡಿಯಾ ಅಂತ ಪೋಸ್ಟರ್ ಹಚ್ಚುತ್ತೇವೆ. ಕೈಯಲ್ಲಿ ಸ್ಪ್ಯಾನರ್ ಹಿಡಿದು ನಿಜವಾಗಿ ಕಲಿಯುವ ಹುಡುಗನನ್ನು ಸೆಕ್ಷನ್ ತೋರಿಸಿ ಹೆದರಿಸುತ್ತೇವೆ. ನಾಲ್ಕು ವರ್ಷದ ಇಂಜಿನಿಯರಿಂಗ್‌ನಲ್ಲಿ ಒಂದು ಇಂಜಿನ್ನನ್ನೂ ಪೂರ್ತಿ ಬಿಚ್ಚದೆ ಡಿಗ್ರಿ ತಗೊಂಡವನು ನಾನು. ಕಲಿತದ್ದು ಅಪ್ಪನ ಆರ್‌ಎಕ್ಸ್ ಬಿಚ್ಚಿದಾಗ.

ಆ ಡಿಸ್ಕ್ ಬ್ರೇಕನ್ನು ಎಣ್ಣೆ ಸವರಿ, ಹಳೆ ಪೇಪರಿನಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇನೆ. ಅಪ್ಪ ಈಗಲೂ ಬೆಳಿಗ್ಗೆ ಹಾಲು ತರಲು ಅದೇ ಗಾಡಿಯಲ್ಲಿ ಹೋಗುತ್ತಾರೆ, ಕಾನೂನು ಒಪ್ಪಿದ ಡ್ರಮ್ ಬ್ರೇಕಿನ ಮೇಲೆ.