ತುಂಬಿದ ಕೆರೆಯ ಮೇಲೆ ಭರಣಿ ಮಳೆ

ಏಪ್ರಿಲ್ ತಿಂಗಳ ಕೊನೆಯ ದಿನಗಳಲ್ಲಿ, ಸಂಜೆ ನಾಲ್ಕರ ಹೊತ್ತಿಗೆ ವರ್ತೂರು ಕೆರೆಯ ಏರಿಯ ಮೇಲೆ ನಿಂತವರಿಗೆ ಮಳೆಗಿಂತ ಮೊದಲು ಗಾಳಿ ಕಣ್ಣಿಗೆ ಕಾಣುತ್ತದೆ. ಆಚೆ ದಡದ ಹತ್ತಿರ ನೀರು ಇದ್ದಕ್ಕಿದ್ದಂತೆ ಕಪ್ಪಾಗುತ್ತದೆ. ಆ ಕಪ್ಪು ಪಟ್ಟಿ ನೀರನ್ನು ಸುಕ್ಕುಗಟ್ಟಿಸುತ್ತಾ ಈಚೆ ದಡದತ್ತ ಸರಸರನೆ ಬರುತ್ತದೆ. ಅದು ಏರಿಯನ್ನು ಮುಟ್ಟಿದ ಗಳಿಗೆಯಲ್ಲೇ ಮೈಗೆ ತಂಪು ತಾಗುತ್ತದೆ. ಜಲಕಳೆ ಹಬ್ಬಿದ ಕಡೆ ಇಡೀ ಹಸಿರು ಚಾಪೆಯೇ ಒಂದು ಬದಿಗೆ ಜರುಗುತ್ತದೆ, ಅದರ ಮೇಲೆ ಕೂತಿದ್ದ ಬೆಳ್ಳಕ್ಕಿಗಳು ಎದ್ದು ಗಾಳಿಗೆ ಎದುರಾಗಿ ರೆಕ್ಕೆ ಬಡಿಯುತ್ತಾ ನಿಂತಲ್ಲೇ ನಿಲ್ಲುತ್ತವೆ. ವೈಟ್‌ಫೀಲ್ಡ್ ಕಡೆಯ ಗಾಜಿನ ಕಟ್ಟಡಗಳು ಮಳೆಯ ಪರದೆಯ ಹಿಂದೆ ಒಂದೊಂದಾಗಿ ಮರೆಯಾಗುತ್ತವೆ. ಮಿಂಚಿಗೂ ಗುಡುಗಿಗೂ ನಡುವೆ ಎಣಿಸಿದ ಪ್ರತಿ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ದೂರ ಎಂಬುದು ಹಳೆಯ ಲೆಕ್ಕ. ಎಣಿಕೆ ಹದಿನೈದರಿಂದ ಆರಕ್ಕೆ, ಆರರಿಂದ ಮೂರಕ್ಕೆ ಇಳಿಯುವಷ್ಟರಲ್ಲಿ ದಪ್ಪ ಹನಿ ಬಿದ್ದಿರುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಪ್ರಸ್ಥಭೂಮಿ ಹಗಲೆಲ್ಲ ಕಾದಿರುತ್ತದೆ. ಬಂಗಾಳ ಕೊಲ್ಲಿ, ಅರಬ್ಬೀ ಸಮುದ್ರ ಎರಡೂ ಕಡೆಯ ತೇವ ಒಳನಾಡಿನ ಮೇಲೆ ಸೇರಿ, ಕಾದ ಗಾಳಿಯ ಜತೆ ಮೇಲೇರಿ ಮೋಡ ಕಟ್ಟುತ್ತದೆ. ಮೋಡದೊಳಗಿನ ಹನಿಗಳು ಬೀಳುತ್ತಾ ಆವಿಯಾಗಿ ಸುತ್ತಲ ಗಾಳಿಯನ್ನು ತಣಿಸುತ್ತವೆ. ಭಾರವಾದ ಆ ತಣ್ಣನೆ ಗಾಳಿ ಕೆಳಕ್ಕೆ ಕುಸಿದು ನೆಲದ ಮೇಲೆ ಎಲ್ಲ ದಿಕ್ಕಿಗೂ ಹರಡುತ್ತದೆ. ಕೆರೆಯ ಮೇಲೆ ಓಡಿಬಂದ ಕಪ್ಪು ಪಟ್ಟಿ ಅದೇ. ಬೆಂಗಳೂರಿನ ಹೊರವಲಯದಲ್ಲಿ ಇಷ್ಟು ದೊಡ್ಡ ಆಕಾಶ ಒಟ್ಟಿಗೆ ಕಾಣಲು ಉಳಿದಿರುವ ಜಾಗ ಕೆರೆ ಅಂಗಳ ಒಂದೇ.

ಈ ಮಳೆಗೆ ನಮ್ಮವರು ನಕ್ಷತ್ರಗಳ ಹೆಸರಿಟ್ಟಿದ್ದಾರೆ. ಏಪ್ರಿಲ್ ಮಧ್ಯದಿಂದ ಅಶ್ವಿನಿ, ಕೊನೆಯ ವಾರದಿಂದ ಭರಣಿ, ಮೇ ಎರಡನೇ ವಾರದಿಂದ ಕೃತ್ತಿಕೆ, ಅದಾದ ಮೇಲೆ ರೋಹಿಣಿ. ಭರಣಿ ಸುರಿದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ಹಳೇ ಮೈಸೂರು ಸೀಮೆಯ ರೈತರ ಬಾಯಲ್ಲಿ ಇನ್ನೂ ಇದೆ. ಆ ಗಾದೆ ಹುಟ್ಟಿದ ಕಾಲದಲ್ಲಿ ಭರಣಿ ಮಳೆ ಬಂದಾಗ ಕೆರೆ ಯಾವ ಸ್ಥಿತಿಯಲ್ಲಿರುತ್ತಿತ್ತು ಎಂದು ಯೋಚಿಸಿದರೆ, ಇಂದಿನ ನಮ್ಮ ಬಹುಪಾಲು ಕೆರೆ ಚರ್ಚೆಗಳಲ್ಲಿ ಎಲ್ಲೂ ಬಾರದ ಒಂದು ಸಂಗತಿ ಎದುರಾಗುತ್ತದೆ. ಆಗ ಕೆರೆ ಬಹುಮಟ್ಟಿಗೆ ಖಾಲಿ. ಹಿಂಗಾರಿನಲ್ಲಿ ತುಂಬಿದ ನೀರನ್ನು ತೂಬು ಎತ್ತಿ ಅಚ್ಚುಕಟ್ಟಿನ ಗದ್ದೆ ತೋಟಗಳಿಗೆ ಹರಿಸಿ ಮುಗಿದಿರುತ್ತಿತ್ತು. ಉಗಾದಿಯ ಆಸುಪಾಸಿನಲ್ಲಿ ಕೆರೆಯ ಒಡಲು ಬಿರಿದು, ರೈತರು ಗಾಡಿ ಕಟ್ಟಿಕೊಂಡು ಬಂದು ಗೋಡು ಮಣ್ಣು ತುಂಬಿಕೊಂಡು ಹೊಲಕ್ಕೆ ಹೊಡೆಯುತ್ತಿದ್ದರು. ನಡುವಿನ ಹೊಂಡದಲ್ಲಿ ದನಕರುಗಳಿಗೆ ಕುಡಿಯುವಷ್ಟು ನೀರು, ಅಂಚಿನಲ್ಲಿ ಮೇಯುವಷ್ಟು ಹುಲ್ಲು. ಗುಡುಗು ಸಿಡಿಲಿನ ಮೊದಲ ಮಳೆ ಬೀಳುತ್ತಿದ್ದದ್ದು ಇಂಥ ಬರಿದಾದ ಒಡಲಿನ ಮೇಲೆ. ಎಷ್ಟು ರಭಸವಾಗಿ ಬಂದರೂ ಹಿಡಿದುಕೊಳ್ಳಲು ಜಾಗವಿತ್ತು.

ವರ್ತೂರಿಗೆ ಮೇಲಿನ ಕೆರೆ ಬೆಳ್ಳಂದೂರಿನದು, ಬೆಳ್ಳಂದೂರು ಕೆರೆಗೆ ಮೇಲಿನ ಕೆರೆ ಅಗರದ್ದು. ಅಗರದಲ್ಲಿ ಸಿಕ್ಕಿರುವ ಗಂಗರ ಕಾಲದ, ಒಂಬತ್ತನೇ ಶತಮಾನದ ಶಾಸನವೊಂದು ಕೆರೆಗಳಿಗೆ ತೂಬು ಇಡಿಸಿದ ಸಂಗತಿಯನ್ನು ದಾಖಲಿಸುತ್ತದೆ. ಇಷ್ಟು ಹಳೆಯ ಕಲ್ಲು ಕೆರೆ ಕಟ್ಟಿಸಿದ್ದಕ್ಕೆ ಸರಿಸಮನಾಗಿ ತೂಬು ಇಡಿಸಿದ್ದನ್ನೂ ಪುಣ್ಯಕಾರ್ಯವೆಂದು ಎಣಿಸಿದ್ದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಏರಿ ನೀರನ್ನು ನಿಲ್ಲಿಸುತ್ತದೆ, ಕೋಡಿ ಹೆಚ್ಚಾದದ್ದನ್ನು ದಾಟಿಸುತ್ತದೆ, ತೂಬು ಖಾಲಿ ಮಾಡುತ್ತದೆ. ಏರಿಯಿದ್ದು ತೂಬಿಲ್ಲದ ಕೆರೆ ಒಮ್ಮೆ ತುಂಬಿದರೆ ಆ ವರ್ಷದ ಮುಂದಿನ ಮಳೆಗೆ ಇದ್ದೂ ಇಲ್ಲದಂತೆ, ಬಂದದ್ದೆಲ್ಲ ಕೋಡಿಯ ಮೇಲೆ ಹರಿದುಹೋಗುತ್ತದೆ. ನೀರಗಂಟಿ ಎಂಬವನಿಗೆ ಊರು ಮಾನ್ಯದ ಜಮೀನು ಕೊಟ್ಟು ಸಾಕುತ್ತಿದ್ದದ್ದು ತೂಬನ್ನು ಯಾವಾಗ, ಎಷ್ಟು ಎತ್ತಬೇಕೆಂಬ ತಿಳಿವಳಿಕೆಗೆ. ಹಾಗಾಗಿ ನನ್ನ ವಾದ ಇಷ್ಟು: ಬೆಂಗಳೂರಿನ ಪೂರ್ವದಂಚಿನಲ್ಲಿ ಬೇಸಿಗೆಯ ಮಳೆ ವಿಪತ್ತಾಗಿ ಕಾಣುತ್ತಿರುವುದಕ್ಕೆ ಒಂದು ದೊಡ್ಡ ಕಾರಣ, ಬೇಸಿಗೆಯಲ್ಲೂ ನಮ್ಮ ಕೆರೆಗಳು ತುಂಬಿಯೇ ಇರುವುದು. ಕೆರೆ ಸದಾ ತುಂಬಿರಬೇಕು ಎಂಬ ಆಸೆ ಕೆರೆಗಳನ್ನು ಕಟ್ಟಿದವರಿಗೆ ಇರಲಿಲ್ಲ. ಅದು ಬಾಲ್ಕನಿಯಿಂದ ನೀರು ನೋಡುವ ಕಾಲದ ಆಸೆ.

ತುಂಬಿರುವುದು ಯಾವುದರಿಂದ ಎಂಬುದು ಎಲ್ಲರಿಗೂ ಗೊತ್ತು. ನಗರದ ಕೊಳಚೆಯಲ್ಲಿ ಸುಮಾರು ಶೇ 40ರಷ್ಟು ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ, ಕೊನೆಗೆ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ ಎಂದು ವರ್ಷಗಳಿಂದ ಹೇಳಲಾಗುತ್ತಿದೆ. ಕೊಳಚೆಗೆ ನಕ್ಷತ್ರವಿಲ್ಲ, ಋತುವಿಲ್ಲ. ಅಚ್ಚುಕಟ್ಟು ಲೇಔಟಾಗಿ ಹೋದ ಮೇಲೆ ತೂಬು ಎತ್ತುವ ಕೆಲಸವೂ ನಿಂತಿತು; ದಶಕಗಳ ಕಾಲ ಈ ಎರಡು ಕೆರೆಗಳು ಚೈತ್ರದಲ್ಲೂ ಕೋಡಿ ಮಟ್ಟಕ್ಕೆ ನಿಂತಿದ್ದವು. ಇದರ ಬೆಲೆ ಎಷ್ಟು ಎಂಬುದನ್ನು ಯಾರು ಬೇಕಾದರೂ ಕಾಗದದ ಮೇಲೆ ಲೆಕ್ಕ ಹಾಕಿ ನೋಡಬಹುದು. ಬೆಳ್ಳಂದೂರು ಕೆರೆಯ ವಿಸ್ತಾರ ಸುಮಾರು 900 ಎಕರೆ. ಅದರ ನೀರನ್ನು ಒಂದು ಮೀಟರ್ ಇಳಿಸಿದರೆ ಸಿಗುವ ಜಾಗ ಸುಮಾರು 360 ಕೋಟಿ ಲೀಟರ್. ಅದರ ಜಲಾನಯನ ನೂರು ಚದರ ಕಿಲೋಮೀಟರಿಗೂ ಹೆಚ್ಚು. ನೂರೇ ಎಂದು ಹಿಡಿಯೋಣ. ಅಷ್ಟು ಜಾಗದ ಮೇಲೆ ಒಂದು ಇಂಚು ಮಳೆ ಬಿದ್ದು, ಮೂರರಲ್ಲಿ ಎರಡು ಪಾಲು ಕಾಂಕ್ರೀಟಿನ ಮೇಲೆ ಹರಿದು ಬಂದರೂ ಅದು 170 ಕೋಟಿ ಲೀಟರನ್ನು ದಾಟುವುದಿಲ್ಲ. ಅಂದರೆ ಒಂದು ಮೀಟರ್ ಇಳಿಸಿಟ್ಟ ಕೆರೆ ಅಂಥ ಎರಡು ಮಳೆಗಳನ್ನು ಸದ್ದಿಲ್ಲದೆ ನುಂಗಬಲ್ಲದು. ತುಂಬಿದ ಕೆರೆಗೆ ಅದೇ ಇಂಚು ಮಳೆ ಬಂದರೆ ಅಷ್ಟೂ ನೀರು ಯಮಲೂರಿನ ಕಡೆ ಉಕ್ಕಿ ವರ್ತೂರಿಗೆ ನುಗ್ಗುತ್ತದೆ, ವರ್ತೂರೂ ತುಂಬಿದ್ದರೆ ರಸ್ತೆಗೆ. ವೇಗವನ್ನು ತಗ್ಗಿಸುವ ಕೆಲಸ ಕೆರೆಯದು. ತುಂಬಿದ ಕೆರೆ ಬರೀ ಅಗಲವಾದ ಕಾಲುವೆ.

ಹೆಚ್ಚು ಜನ ಕಂಡ, ಆದರೆ ಕಡಿಮೆ ಜನಕ್ಕೆ ಅರ್ಥವಾದ ಸಾಕ್ಷಿ ನೊರೆಯದು. 2015ರ ಮೇ ತಿಂಗಳಲ್ಲಿ ಬೆಳ್ಳಂದೂರಿನ ನೊರೆಗೆ ಬೆಂಕಿ ಹತ್ತಿ ಉರಿದ ಚಿತ್ರ ಜಗತ್ತನ್ನೆಲ್ಲ ಸುತ್ತಿತು. 2018ರ ಜನವರಿಯಲ್ಲಿ ಕೆರೆಯಂಗಳ ಮತ್ತೆ ಹೊತ್ತಿಕೊಂಡಾಗ ಆರಿಸಲು ಸೈನಿಕರನ್ನೇ ಕರೆಸಬೇಕಾಯಿತು. ವರ್ತೂರು ಕೋಡಿಯ ಸೇತುವೆಯ ಬಳಿ ನೊರೆ ಹಾರದಂತೆ ತಂತಿಬಲೆ ಕಟ್ಟಿದರು. ನೊರೆಗೆ ಸೋಪು, ಡಿಟರ್ಜೆಂಟು ಕಾರಣ ಎಂಬುದು ಸರಿ. ಆದರೆ ಡಿಟರ್ಜೆಂಟು ದಿನವೂ ಬರುತ್ತದೆ, ನೊರೆಯ ಬೆಟ್ಟ ಏಳುವುದು ಮಾತ್ರ ಮಳೆ ಬಂದಾಗ. ಏಕೆ? ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿತು. ಕೊಳಚೆ ಬೆಳ್ಳಂದೂರು ಕೆರೆಯನ್ನು ದಾಟಲು ಹತ್ತು ಹದಿನೈದು ದಿನ ಹಿಡಿಯುತ್ತದೆ. ಆ ಅವಧಿಯಲ್ಲಿ ಡಿಟರ್ಜೆಂಟಿನ ಒಂದು ಪಾಲು ಕೆಸರಿನ ಕಣಗಳಿಗೆ ಅಂಟಿಕೊಂಡು ತಳದ ರಾಡಿಯಾಗಿ ಕೂರುತ್ತದೆ. ಜೋರು ಮಳೆಯ ಪ್ರವಾಹ ಆ ರಾಡಿಯನ್ನು ಕೆದಕಿ ಮೇಲೆಬ್ಬಿಸಿದಾಗ ತಿಂಗಳುಗಟ್ಟಲೆ ಕೂಡಿಟ್ಟಿದ್ದ ಡಿಟರ್ಜೆಂಟು ಒಟ್ಟಿಗೆ ನೀರಿಗೆ ಬಿಡುಗಡೆಯಾಗುತ್ತದೆ. ಕೋಡಿಯ ಮೇಲಿಂದ ನೀರು ಧುಮುಕುವಾಗ ಗಾಳಿ ಸೇರಿ ನೊರೆ ಕಟ್ಟುತ್ತದೆ. ಕೋಡಿಯ ಬುಡದಲ್ಲಿ ನಿಂತು ನೋಡಿದರೆ ಇಷ್ಟೂ ಕಣ್ಣೆದುರೇ ನಡೆಯುತ್ತದೆ: ಮೊದಲು ಕಂದು ಬಣ್ಣದ ನೀರು, ಅದರ ಹಿಂದೆ ಹಾಲಿನಂಥ ಗುಳ್ಳೆ, ಕೆಲ ಹೊತ್ತಿನಲ್ಲಿ ಆಳೆತ್ತರದ ಬಿಳಿ ರಾಶಿ, ಗಾಳಿ ಬೀಸಿದಂತೆ ಅದರಿಂದ ಕಿತ್ತುಬಂದು ಬೈಕ್ ಸವಾರರ ಮುಖಕ್ಕೆ ಬಡಿಯುವ ತುಣುಕುಗಳು. ಮಳೆ ತಂದದ್ದು ಅದಾವುದನ್ನೂ ಅಲ್ಲ. ಮಳೆ ಬರುವ ಹೊತ್ತಿಗೆ ಕೆರೆಯ ಒಡಲನ್ನು ಬರಿದು ಮಾಡಿ ಗೋಡು ತೆಗೆದಿರುತ್ತಿದ್ದ ಕಾಲದಲ್ಲಿ ಕೆದಕಲು ತಳದಲ್ಲಿ ಏನೂ ಉಳಿದಿರುತ್ತಿರಲಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದೇ. ಮಳೆಯೇ ಬದಲಾಗಿದೆ, ಹಳೆಯ ಲೆಕ್ಕಗಳು ನಡೆಯುವುದಿಲ್ಲ ಎನ್ನುತ್ತಾರೆ. 2024ರ ಜೂನ್ 2ರಂದು, ರೋಹಿಣಿ ಮಳೆಯಲ್ಲಿ, ನಗರದಲ್ಲಿ ಒಂದೇ ದಿನ 111.1 ಮಿಲಿಮೀಟರ್ ಸುರಿದು, 1891ರಿಂದ ಉಳಿದುಬಂದಿದ್ದ ಜೂನ್ ತಿಂಗಳ ದಾಖಲೆ ಮುರಿಯಿತು. ಕಾಯುವ ಭೂಮಿ, ಕಾಯುವ ಸಮುದ್ರ ಮೋಡಕ್ಕೆ ಹೆಚ್ಚು ತೇವ ಕೊಡುತ್ತವೆ ಎಂಬುದರಲ್ಲಿ ವಿವಾದವಿಲ್ಲ. ಆದರೆ ಮುರಿದ ಹಳೆಯ ದಾಖಲೆಯನ್ನೂ ಒಮ್ಮೆ ನೋಡಬೇಕು: ಅದು 101.6 ಮಿಲಿಮೀಟರ್. ಏರಿ ಕೋಡಿಗಳು ಕೆಲಸ ಮಾಡುತ್ತಿದ್ದ ಊರೂ ಇಂಥ ಮಳೆಯನ್ನು ಕಂಡಿತ್ತು. ಮಳೆ ರಭಸವಾಗುತ್ತಿದೆ ಎಂದಾದರೆ ಖಾಲಿ ಜಾಗ ಮೊದಲಿಗಿಂತ ಹೆಚ್ಚು ಬೇಕು. ಈ ಆಕ್ಷೇಪ ನನ್ನ ವಾದಕ್ಕೆ ಬಲವನ್ನೇ ಕೊಡುತ್ತದೆ. ಹಾಗೆಂದು ಎಲ್ಲ ಪ್ರವಾಹವನ್ನೂ ಇದೊಂದೇ ಲೆಕ್ಕಕ್ಕೆ ಹಾಕುವುದು ಅಪ್ರಾಮಾಣಿಕತೆ. 2022ರ ಸೆಪ್ಟೆಂಬರ್ ಮೊದಲ ವಾರ ಒಂದೇ ರಾತ್ರಿಯಲ್ಲಿ 131.6 ಮಿಲಿಮೀಟರ್ ಬಿದ್ದು ಹೊರವರ್ತುಲ ರಸ್ತೆ ಮುಳುಗಿ, ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರಲ್ಲ, ಅದು ಹುಬ್ಬೆ ಮಳೆಯ ಕಾಲ. ಆ ವರ್ಷ ಬೆಂಗಳೂರಿನ ದಾಖಲೆಯಲ್ಲೇ ಅತಿ ಹೆಚ್ಚು ಮಳೆಯ ವರ್ಷ. ಆ ಹೊತ್ತಿಗೆ ಹಿಂದಿನ ಕಾಲದಲ್ಲೂ ಕೆರೆಗಳು ತುಂಬಿ ಕೋಡಿ ಬಿದ್ದಿರುತ್ತಿದ್ದವು. ಅಲ್ಲಿ ಸೋತದ್ದು ಕೋಡಿಯ ಮುಂದಿನ ರಾಜಕಾಲುವೆ. ಕೆರೆಯ ಸುತ್ತ 75 ಮೀಟರ್ ಮೀಸಲು ಎಂದು ಹಸಿರು ನ್ಯಾಯಮಂಡಳಿ 2016ರಲ್ಲಿ ವಿಧಿಸಿದ್ದನ್ನು ಸುಪ್ರೀಂ ಕೋರ್ಟ್ 2019ರಲ್ಲಿ ತಳ್ಳಿಹಾಕಿ, ಮಹಾಯೋಜನೆಯ 30 ಮೀಟರನ್ನೇ ಉಳಿಸಿತು. ಆ 30 ಮೀಟರೂ ಎಷ್ಟು ಕಡೆ ನೆಲದ ಮೇಲೆ ಉಳಿದಿದೆ ಎಂಬುದು ಬೇರೆಯೇ ಒಂದು ಅಂಕಣದ ವಿಷಯ. ಬೇಸಿಗೆಯ ಮಳೆಗೆ ಖಾಲಿ ಒಡಲು, ಹಿಂಗಾರಿಗೆ ತೆರೆದ ಕಾಲುವೆ, ಎರಡೂ ಬೇಕು. ನಾವು ಮಾತಾಡುತ್ತಿರುವುದು ಎರಡನೆಯದರ ಬಗ್ಗೆ ಮಾತ್ರ.

ಎರಡನೆಯ ಆಕ್ಷೇಪ ನನಗೆ ಹೆಚ್ಚು ಹತ್ತಿರದ್ದು, ಏಕೆಂದರೆ ಅದು ಪ್ರೀತಿಯಿಂದ ಬರುತ್ತದೆ. ಬೇಸಿಗೆಯಲ್ಲಿ ಕೆರೆ ಇಳಿಸಿದರೆ ಹಕ್ಕಿಗಳು ಎಲ್ಲಿಗೆ ಹೋಗಬೇಕು, ಬೋರ್‌ವೆಲ್‌ಗಳಿಗೆ ಏನು ಗತಿ, ಬೆಳಿಗ್ಗೆ ವಾಕಿಂಗ್ ಬರುವ ಜನ ಏನು ನೋಡಬೇಕು? 2024ರ ಬೇಸಿಗೆಯಲ್ಲಿ ವೈಟ್‌ಫೀಲ್ಡ್, ವರ್ತೂರು ಕಡೆಯ ಬೋರ್‌ವೆಲ್‌ಗಳು ಕೈಕೊಟ್ಟು ಟ್ಯಾಂಕರ್ ನೀರಿಗೆ ಸಾಲು ನಿಂತವರಿಗೆ ನೀರು ಹೊರಬಿಡಿ ಎಂದು ಹೇಳಲು ಎದೆ ಗಟ್ಟಿ ಬೇಕು. ಆದರೆ ಅದೇ ವರ್ಷದ ಅನುಭವವೇ ಇಲ್ಲಿ ಸಾಕ್ಷಿ: ದಶಕಗಳ ಕಾಲ ಎರಡು ಮಹಾ ಕೆರೆಗಳು ತುಂಬಿದ್ದ ಸೀಮೆಯಲ್ಲೇ ಅಂತರ್ಜಲ ಬರಿದಾಯಿತು. ಕೊಳಚೆಯ ಜಿಗುಟು ರಾಡಿ ತಳವನ್ನು ಮೆತ್ತಿದರೆ ಮೇಲೆ ನಿಂತ ನೀರು ಕೆಳಗಿಳಿಯುವುದು ಕಷ್ಟ. ಬಿಸಿಲಿಗೆ ಒಣಗಿ ಬಿರಿದು ಹೂಳು ತೆಗೆಸಿಕೊಂಡ ತಳದ ಮೇಲೆ ಬೀಳುವ ಮಳೆ ನೆಲಕ್ಕೆ ಇಂಗುವಷ್ಟು ಚೆನ್ನಾಗಿ ಆ ನಿಂತ ನೀರು ಇಂಗುವುದಿಲ್ಲ. ಹಕ್ಕಿಗಳ ವಿಷಯದಲ್ಲೂ ಹಾಗೆಯೇ. ಬೆಳ್ಳಕ್ಕಿ, ಗೊರವಗಳಂಥ ಉದ್ದ ಕಾಲಿನ ಹಕ್ಕಿಗಳಿಗೆ ಬೇಕಾದದ್ದು ಇಳಿದ ನೀರಿನ ಅಂಚಿನ ಕೆಸರು. ಕೋಡಿ ಮಟ್ಟಕ್ಕೆ ನಿಂತ ಆಳದ ನೀರಿನಲ್ಲಿ ಅವುಗಳಿಗೆ ಕಾಲೂರಲು ಜಾಗವಿಲ್ಲ. ಕೆರೆಯನ್ನು ಪೂರ್ತಿ ಒಣಗಿಸಿ ಎಂದು ಯಾರೂ ಹೇಳುತ್ತಿಲ್ಲ. ನಡುವಿನ ಹೊಂಡ ಉಳಿಸಿಕೊಂಡು ಅಂಚನ್ನು ಹಿಂದಕ್ಕೆ ಸರಿಸುವುದು ಹಳೆಯ ಪದ್ಧತಿಯೇ. ಇನ್ನು ನೋಟ. ಇಳಿದ ಕೆರೆಯ ಬಿರಿದ ಮಣ್ಣಿಗೆ ಮೊದಲ ಹನಿ ಬಿದ್ದಾಗ ಏಳುವ ವಾಸನೆಯನ್ನು ಈ ತೀರದ ಜನ ಕಳೆದುಕೊಂಡು ಒಂದು ತಲೆಮಾರಾಗಿದೆ. ಮಳೆಯ ಮುನ್ನ ಅವರ ಕಿಟಕಿಗೆ ಬರುವುದು ಕೊಳಚೆಯ ನಾತ.

ಈಗ ಈ ಮಾತು ಎತ್ತಲು ಕಾರಣವಿದೆ. ಹಸಿರು ನ್ಯಾಯಮಂಡಳಿಯ ಒತ್ತಡದಿಂದ ಎರಡೂ ಕೆರೆಗಳ ನೀರನ್ನು ತಿರುವು ಕಾಲುವೆಗಳಲ್ಲಿ ದಾಟಿಸಿ, ಹೂಳೆತ್ತುವ ಕೆಲಸ ನಡೆದಿದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು ದಿನಕ್ಕೆ 44 ಕೋಟಿ ಲೀಟರಿನ ಲೆಕ್ಕದಲ್ಲಿ ಕೋಲಾರದ ಕೆರೆಗಳಿಗೆ ಒಯ್ಯುವ ಯೋಜನೆ 2018ರಲ್ಲಿ ಶುರುವಾಗಿ ಈ ಕಣಿವೆಯ ಹೊರೆಯನ್ನು ಇಳಿಸಿದೆ. ಆದರೆ 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ಹೊರವಲಯದ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್. ಬಾಯಾರಿದ ಜನಕ್ಕೆ ಅದು ಬರಲೇಬೇಕಿತ್ತು. ಮನೆಗೆ ಬಂದ ನೀರಿನ ಐದರಲ್ಲಿ ನಾಲ್ಕು ಪಾಲು ಕೊಳಚೆಯಾಗಿ ಹೊರಬೀಳುತ್ತದೆ ಎಂಬುದು ಎಂಜಿನಿಯರುಗಳ ಮಾಮೂಲಿ ಲೆಕ್ಕ. ಮಹದೇವಪುರದ ಕಡೆಗೆ ಬಂದ ಪಾಲು ಎತ್ತ ಇಳಿಯುತ್ತದೆ ಎಂದು ಭೂಮಿಯ ಇಳಿಜಾರು ಮೊದಲೇ ತೀರ್ಮಾನಿಸಿದೆ. ಸಂಸ್ಕರಣಾ ಘಟಕಗಳು ಅದಕ್ಕೆ ಮುಂಚೆ ಸಿದ್ಧವಾಗದಿದ್ದರೆ ಹೂಳೆತ್ತಿದ ಕೆರೆ ಮತ್ತೆ ಹನ್ನೆರಡು ತಿಂಗಳೂ ತುಂಬಿ ನಿಲ್ಲುತ್ತದೆ.

2022ರ ಪ್ರವಾಹದ ಬಳಿಕ ಕೆರೆಗಳಿಗೆ ಗೇಟು ಅಳವಡಿಸುವ ಮಾತು ಸರ್ಕಾರದ ಕಡೆಯಿಂದ ಬಂತು. ಒಳ್ಳೆಯದು. ಆದರೆ ಗೇಟು ತಾನಾಗಿ ಏಳುವುದಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳಿವೆ, ಸಿಡಿಲಿನ ಮುನ್ಸೂಚನೆಗೆ ‘ಸಿಡಿಲು’, ನಗರದ ಮಳೆಗೆ ‘ಮೇಘ ಸಂದೇಶ’ ಎಂಬ ಆ್ಯಪ್‌ಗಳಿವೆ. ಆರನೇ ಮಹಡಿಯ ಆಫೀಸಿನಲ್ಲಿ ಕೂತವರಿಗೆ ಛತ್ರಿ ತೆಗೆದುಕೊಳ್ಳಬೇಕೋ ಬೇಡವೋ ಎಂಬುದು ಒಂದೆರಡು ಗಂಟೆ ಮೊದಲೇ ಗೊತ್ತಾಗುತ್ತದೆ. ಅದೇ ಸುದ್ದಿ ಕೆರೆಯ ತೂಬಿನ ಬಳಿ ತಲುಪಬೇಕಾದ ವ್ಯಕ್ತಿ ಯಾರು, ಯಾವ ಇಲಾಖೆಯವನು, ರಾತ್ರಿ ಹನ್ನೊಂದಕ್ಕೆ ಗೇಟಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ? ಅಶ್ವಿನಿ ಮಳೆ ಹುಟ್ಟುವ ದಿನಕ್ಕೆ, ಅಂದರೆ ಏಪ್ರಿಲ್ ಮಧ್ಯಕ್ಕೆ, ಕೆರೆಯ ನೀರು ಯಾವ ಮಟ್ಟಕ್ಕೆ ಇಳಿದಿರಬೇಕೆಂದು ಪ್ರತಿ ತೂಬಿನ ಪಕ್ಕದ ಕಲ್ಲಿನಲ್ಲಿ ಗೆರೆ ಕೊರೆಸಬೇಕು. ಆ ಗೆರೆಗೆ ಹೊಣೆಯಾದ ನೀರಗಂಟಿಯ ಹೆಸರು ಮತ್ತು ಫೋನ್ ನಂಬರನ್ನು ಅದೇ ಏರಿಯ ಮೇಲೆ, ವಾಕಿಂಗ್ ಬರುವವರ ಕಣ್ಣಿಗೆ ಬೀಳುವಂತೆ ಬರೆಸಬೇಕು.